ಮಿಲ್ಟ್ರಿಗೆ ಹೋಗಿದ್ದ ಅಜ್ಜನ ಚರಿತ್ರೆ ಹುಡುಕೋದು ಹೇಗೆ? ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೆ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಂದು ಮಾತು ಉಳಿದುಕೊಂಡಿರುತ್ತೆ. "ನಮ್ಮ ಮುತ್ಯಾ ಮಿಲ್ಟ್ರಿಯಾಗ ಇದ್ದ, ಬರ್ಮಾಕ್ಕ ಹೋಗಿ ಬಂದಿದ್ದ." ಅಷ್ಟೇ. ಯಾವ ವರ್ಷ ಹೋದ್ರು, ಯಾವ ಪಲ್ಟನ್, ಅಲ್ಲಿ ಏನು ಕೆಲಸ ಮಾಡಿದ್ರು, ಕೇಳಿದ್ರೆ ಯಾರಿಗೂ ಗೊತ್ತಿರೋದಿಲ್ಲ. ಎರಡನೇ ಮಹಾಯುದ್ಧದಲ್ಲಿ ಇಂಡಿಯಾದ ಸೈನ್ಯಕ್ಕೆ ಸೇರಿದವರು ಸುಮಾರು 25 ಲಕ್ಷ ಜನ. ಅದಕ್ಕೂ ಮುಂಚಿನ ಯುದ್ಧಕ್ಕೆ 13 ಲಕ್ಷದ ಹತ್ತಿರ ಜನ ಹೋಗಿದ್ರು. ಅವರಲ್ಲಿ ನಮ್ಮ ಜಿಲ್ಲೆಗಳವರೂ ಇದ್ರು, ಮತ್ತೆ ಅವರ ಕಾಗದಗಳು ಎಲ್ಲೋ ಒಂದು ಕಡೆ ಇದ್ದೇ ಇರುತ್ತವೆ. ಹುಡುಕೋ ದಾರಿ ಗೊತ್ತಿರಬೇಕು.

ಬಹಳ ಜನ ಮೊದಲು ಇಂಟರ್ನೆಟ್ಟಿನಲ್ಲಿ ಹೆಸರು ಹಾಕಿ ನೋಡ್ತಾರೆ. ಹುಲುಗಪ್ಪ ಅಂತ ಹಾಕಿದ್ರೆ ಏನು ಸಿಗುತ್ತೆ ಹೇಳಿ? ಊರಿಗೆ ಹತ್ತು ಜನ ಹುಲುಗಪ್ಪ ಇರ್ತಾರೆ. ಹೆಸರನ್ನು ಸ್ವಲ್ಪ ಪಕ್ಕಕ್ಕಿಡಿ. ಮೊದಲು ಎರಡು ವಿಷಯ ಗೊತ್ತು ಮಾಡಿಕೊಳ್ಳಿ. ಅವರು ಸೈನ್ಯಕ್ಕೆ ಸೇರಿದ ವರ್ಷ ನಿಮ್ಮ ಊರು ಯಾವ ಸರ್ಕಾರದ ಕೈಯಲ್ಲಿತ್ತು? ಅವರ ಆರ್ಮಿ ನಂಬರ್ ಏನು? ಮೊದಲನೆಯದು ಗೊತ್ತಾದ್ರೆ ಯಾವ ಬಾಗಿಲು ತಟ್ಟಬೇಕು ಅಂತ ತಿಳಿಯುತ್ತೆ, ಎರಡನೆಯದು ಆ ಬಾಗಿಲು ತೆಗೆಸುತ್ತೆ.

ಊರು ಆಗ ಯಾರದು?

ನಮ್ಮ ಮೂರು ಜಿಲ್ಲೆಗಳಲ್ಲಿ ಇದೇ ದೊಡ್ಡ ತೊಡಕು. ತುಂಗಭದ್ರೆಯ ಈ ದಡದ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಬ್ರಿಟಿಷರ ನೇರ ಆಡಳಿತ. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಆ ದಡದ ರಾಯಚೂರು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಾ ನಿಜಾಮರ ಹೈದರಾಬಾದ್ ಸಂಸ್ಥಾನ. ಕೊಪ್ಪಳ ಅಂತೂ ಸಾಲಾರ್ ಜಂಗರ ಜಹಗೀರು. ಸಂಡೂರು ಘೋರ್ಪಡೆ ಮನೆತನದ್ದೇ ಬೇರೆ ಸಂಸ್ಥಾನ. ಒಂದೇ ಹೊಳೆಯ ನೀರು ಕುಡಿದ ಎರಡು ಹಳ್ಳಿಯ ಹುಡುಗರು ಒಂದೇ ಯುದ್ಧಕ್ಕೆ ಹೋಗಿದ್ರೂ, ಒಬ್ಬನ ಊರಿನ ಹಳೆಯ ಕಾಗದ ಚೆನ್ನೈನಲ್ಲಿ ಇಂಗ್ಲಿಷ್‌ನಲ್ಲಿ ಇರುತ್ತೆ, ಇನ್ನೊಬ್ಬನದು ಹೈದರಾಬಾದಿನಲ್ಲಿ ಉರ್ದುವಿನಲ್ಲಿ.

ಜಿಲ್ಲೆಗಳ ಗಡಿಯೂ ಬದಲಾಗಿದೆ. ಆದೋನಿ, ಆಲೂರು, ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ವು. ಗದ್ವಾಲ, ಆಲಂಪುರ 1956ರವರೆಗೆ ರಾಯಚೂರಿನವು. ಕೊಪ್ಪಳ ಜಿಲ್ಲೆ ಆಗಿದ್ದೇ 1997ರಲ್ಲಿ, ಹೊಸಪೇಟೆ ವಿಜಯನಗರ ಜಿಲ್ಲೆಗೆ ಹೋಗಿದ್ದು 2021ರಲ್ಲಿ. ಹಾಗಾಗಿ ಯುದ್ಧದ ಕಾಲದ ಕಾಗದದಲ್ಲಿ ಕೊಪ್ಪಳದವರು "ರಾಯಚೂರು ಜಿಲ್ಲೆ, ಹೈದರಾಬಾದ್ ಡೆಕ್ಕನ್" ಅಂತ ಇರ್ತಾರೆ. ಹೊಸಪೇಟೆ, ಹಡಗಲಿ, ಕೂಡ್ಲಿಗಿಯವರು "ಬಳ್ಳಾರಿ, ಮದ್ರಾಸ್" ಅಂತ ಇರ್ತಾರೆ. ಈಗಿನ ಜಿಲ್ಲೆಯ ಹೆಸರಿನಲ್ಲಿ ಹುಡುಕಿದ್ರೆ ಸಿಗೋದಿಲ್ಲ.

ಇನ್ನೊಂದು ವಿಷಯ, ಇದು ಬರೀ ನಮ್ಮ ಕಡೆಯವರಿಗೆ. ತುಂಗಭದ್ರಾ ಡ್ಯಾಮಿನಲ್ಲಿ ಮುಳುಗಿದ ಊರುಗಳು ಎಷ್ಟೋ ಇವೆ. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆ ಕಂಡ್ರಲ್ಲ, ಹಾಗೆ. ಅಜ್ಜ 1942ರಲ್ಲಿ ಬರೆಸಿದ ಊರು ಇವತ್ತಿನ ನಕ್ಷೆಯಲ್ಲಿ ಇಲ್ಲದೇ ಇರಬಹುದು. ಮನೆ ಮುಳುಗಡೆಯದಾಗಿದ್ರೆ ಹಳೇ ಊರಿನ ಹೆಸರು, ಆಗಿನ ತಾಲೂಕು ಎರಡನ್ನೂ ಮೊದಲೇ ಬರೆದಿಟ್ಟುಕೊಳ್ಳಿ.

ಟ್ರಂಕ್ ತೆಗೆಯಿರಿ

ಈಗ ನಂಬರಿಗೆ ಬರೋಣ. ಅದು ಬಹಳ ಸಲ ಮನೆಯಲ್ಲೇ ಇರುತ್ತೆ. ಅಟ್ಟದ ಮೇಲಿನ ಟ್ರಂಕು, ದೇವರ ಜಗುಲಿಯ ಡಬ್ಬಿ, ದೊಡ್ಡಪ್ಪನ ಮನೆ ಬೀರು, ತಂಗಿಯನ್ನು ಕೊಟ್ಟ ಊರು. ಯಾರ ಹತ್ತಿರ ಅಜ್ಜಿ ಕೊನೇ ದಿನ ಕಳೆದ್ರೋ ಅವರ ಮನೆಯಲ್ಲಿ ಮೊದಲು ಕೇಳಿ. ಪಿಂಚಣಿ ಕಾಗದ ಅಜ್ಜಿಯ ಜೊತೆಯೇ ಹೋಗಿರುತ್ತೆ.

ಎಲ್ಲಕ್ಕಿಂತ ಬೆಲೆಯದ್ದು ಡಿಸ್ಚಾರ್ಜ್ ಬುಕ್. ನಂಬರು, ರ‍್ಯಾಂಕು, ಸೇರಿದ ದಿನ ಮತ್ತು ಜಾಗ, ಬಿಟ್ಟ ಕಾರಣ, ಎತ್ತರ, ಮೈಮೇಲಿನ ಗುರುತು, ಟ್ರೇಡ್, ಹತ್ತಿರದ ಸಂಬಂಧಿಯ ಹೆಸರು, ಸಿಕ್ಕ ಪದಕ ಎಲ್ಲಾ ಅದರಲ್ಲಿ ಇರುತ್ತೆ. ಟ್ರೇಡ್ ಅಂದ್ರೆ ಡ್ರೈವರ್, ಅಡುಗೆಯವನು, ಬಡಗಿ, ಹೀಗೆ. ಅದನ್ನು ಓದುವಾಗ ಹುಟ್ಟಿದ ದಿನವನ್ನು ಮಾತ್ರ ಪೂರ್ತಿ ನಂಬಬೇಡಿ. ಆಗ ವಯಸ್ಸಿಗೆ ಯಾರೂ ಸರ್ಟಿಫಿಕೇಟ್ ಕೇಳ್ತಿರಲಿಲ್ಲ, ಎಷ್ಟೋ ಹುಡುಗರು ಒಂದೆರಡು ವರ್ಷ ಜಾಸ್ತಿ ಹೇಳಿ ಸೇರಿಕೊಂಡಿದ್ದಾರೆ. "ಕ್ಲಾಸ್" ಅಂತ ಒಂದು ಕಲಂ ಇರುತ್ತೆ, ಜಾತಿ ಬರೆಯೋದು ಅಲ್ಲಿ. ಬ್ರಿಟಿಷರು ಜಾತಿ ನೋಡಿ ಪಲ್ಟನ್ ಕಟ್ಟಿದ್ರಿಂದ, ಸೇರಬೇಕು ಅಂದವರು ಅವರಿಗೆ ಬೇಕಾದ ಹಾಗೆ ಹೇಳಿರೋದೂ ಉಂಟು.

ಬುಕ್ ಇಲ್ಲದಿದ್ರೆ ಪದಕ ನೋಡಿ. ಇಲ್ಲಿ ಸ್ವಲ್ಪ ನಿಧಾನ ಮಾಡಿ. ದುಂಡು ಪದಕವನ್ನು ಕೈಯಲ್ಲಿ ಹಿಡಿದು ಮುಖ ನೋಡಬೇಡಿ, ಅಂಚು ನೋಡಿ. ಮೊದಲ ಮಹಾಯುದ್ಧದ ಬೆಳ್ಳಿ ಪದಕದ ಅಂಚಿನ ಸುತ್ತ ನಂಬರು, ರ‍್ಯಾಂಕು, ಹೆಸರು, ಪಲ್ಟನ್ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿರುತ್ತಾರೆ. ಅದೇ ಪದಕ ಕಂಚಿನದಾಗಿದ್ರೆ ಅಜ್ಜ ಕೂಲಿ ಕೆಲಸದ ಪಡೆಯಾದ ಲೇಬರ್ ಕೋರ್‌ನಲ್ಲೋ ಅಂಥದೇ ಕೆಲಸದಲ್ಲೋ ಇದ್ದಿರಬೇಕು. ಎರಡನೇ ಯುದ್ಧದವು ಆರು ಮೂಲೆಯ ನಕ್ಷತ್ರಗಳು. ನಡುವೆ ಕಿರೀಟ, ಆರನೇ ಜಾರ್ಜ್ ದೊರೆಯ ಮುದ್ರೆ, ಸುತ್ತ ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್ ಅಂತ ಬರೆದಿರುತ್ತೆ. ಎಲ್ಲಿ ಹೋಗಿದ್ರು ಅನ್ನೋದು ಅಲ್ಲೇ ಗೊತ್ತಾಯ್ತಲ್ಲ. ನಕ್ಷತ್ರವನ್ನು ತಿರುಗಿಸಿ ಹಿಂಭಾಗ ನೋಡಿ, ಇಂಡಿಯಾದ ಸಿಪಾಯಿಗಳಿಗೆ ಕೊಟ್ಟವುಗಳ ಹಿಂದೆ ಎಷ್ಟೋ ಸಲ ಹೆಸರು ಒತ್ತಿರುತ್ತಾರೆ. ಸ್ಟಾರ್ ಯಾವುದೂ ಇಲ್ಲದೆ ಬರೀ ಇಂಡಿಯಾ ಸರ್ವಿಸ್ ಮೆಡಲ್, ವಾರ್ ಮೆಡಲ್ ಇದ್ರೆ ಅವರು ಯುದ್ಧದ ಕಾಲ ದೇಶದೊಳಗೇ ಡ್ಯೂಟಿ ಮಾಡಿರೋ ಸಾಧ್ಯತೆ ಹೆಚ್ಚು. ಅದೇನೂ ಕಡಿಮೆ ಸೇವೆ ಅಲ್ಲ.

ದಯವಿಟ್ಟು ಪದಕಕ್ಕೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಬೇಡಿ. ದೇವರ ಸಾಮಾನು ತಿಕ್ಕಿದ ಹಾಗೆ ತಿಕ್ಕಿ ತಿಕ್ಕಿ ಅಂಚಿನ ಅಕ್ಷರ ಸವೆದು ಹೋದ ಪದಕ ನಾನು ನೋಡಿದ್ದೇನೆ, ಹೊಟ್ಟೆ ಉರಿಯುತ್ತೆ. ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿ, ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಅಡ್ಡ ಹಿಡಿಯಿರಿ. ಅಕ್ಷರದ ನೆರಳು ಬಿದ್ದು ಒಂದೊಂದೇ ಎದ್ದು ಕಾಣುತ್ತೆ. ಸುತ್ತಲೂ ತಿರುಗಿಸುತ್ತಾ ಫೋಟೋ ತೆಗೆಯಿರಿ.

ಹಳೇ ಪತ್ರಗಳಿದ್ರೆ ಅಂಚೆ ಮುದ್ರೆ ನೋಡಿ. ಸೈನಿಕರ ಪತ್ರದ ಮೇಲೆ ಊರಿನ ಹೆಸರು ಇರೋದಿಲ್ಲ, ಫೀಲ್ಡ್ ಪೋಸ್ಟ್ ಆಫೀಸ್ ನಂಬರ್ ಮಾತ್ರ. ಆ ನಂಬರ್ ಯಾವ ತಿಂಗಳು ಎಲ್ಲಿತ್ತು ಅಂತ ಅಂಚೆಚೀಟಿ ಸಂಗ್ರಹ ಮಾಡೋರು ಪಟ್ಟಿ ಮಾಡಿಟ್ಟಿದ್ದಾರೆ. ಸ್ವಾತಂತ್ರ್ಯ ಬಂದ ಮೇಲಿನ ಪತ್ರಗಳಲ್ಲಿ 56 ಎಪಿಒ ಅಥವಾ 99 ಎಪಿಒ ಅಂತ ಇರುತ್ತೆ, ಎಪಿಒ ಅಂದ್ರೆ ಸೈನ್ಯದ ಅಂಚೆ ಕಚೇರಿ. 99 ಅಂದ್ರೆ ಅಸ್ಸಾಂ, ಈಶಾನ್ಯದ ಕಡೆ.

ಅಜ್ಜಿಯನ್ನು ಕೇಳೋ ರೀತಿ

ಕಾಗದಕ್ಕಿಂತ ಮೊದಲು ಹೋಗಿಬಿಡೋದು ಮನುಷ್ಯರು. ಹಾಗಾಗಿ ಆಫೀಸುಗಳಿಗೆ ಅರ್ಜಿ ಹಾಕೋದು ಮುಂದಿನ ವಾರಕ್ಕೆ ಇದ್ರೂ ಪರವಾಗಿಲ್ಲ, ವಯಸ್ಸಾದವರನ್ನು ಈ ವಾರವೇ ಮಾತಾಡಿಸಿ. "ಯಾವ ಇಸವಿ?" ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರೋದಿಲ್ಲ. ಊರಿಗೆ ಊರೇ ನೆನಪಿಟ್ಟ ಸಂಗತಿಗೆ ಕಟ್ಟಿ ಕೇಳಿ.

"ಅಮ್ಮಾ, ಮುತ್ಯಾ ಮಿಲ್ಟ್ರಿಯಿಂದ ತಿರುಗಿ ಬಂದಾಗ ಡ್ಯಾಮ್ ಕೆಲಸ ನಡೆದಿತ್ತೇನು?"

"ಇಲ್ಲಪಾ, ಇನ್ನೂ ಶುರು ಆಗಿದ್ದಿಲ್ಲ. ಆದ್ರ ರಜಾಕಾರರ ಗಲಾಟಿಗೆ ಊರಾಗ ಇದ್ದ. ನಿಮ್ಮಪ್ಪ ಆಗ ತೊಟ್ಟಿಲ ಕೂಸು."

ನಿಜಾಮರ ಪರ ನಿಂತ ರಜಾಕಾರರ ಗಲಾಟೆ ನಡೆದದ್ದು 1947-48ರಲ್ಲಿ. ನೋಡಿ, ಇಷ್ಟರಲ್ಲೇ 1948ಕ್ಕೆ ಮುಂಚೆ ಬಿಟ್ಟು ಬಂದಿದ್ರು ಅಂತ ಗೊತ್ತಾಯ್ತು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರ ಒಪ್ಪಿಗೆ ಕೇಳಿ. ಅಜ್ಜನ ಬಗ್ಗೆ ಮಾತ್ರ ಅಲ್ಲ, ಅವರು ಇಲ್ಲದ ವರ್ಷಗಳಲ್ಲಿ ಮನೆ ಹೇಗೆ ನಡೀತು, ಮನಿಯಾರ್ಡರ್ ಯಾರ ಹೆಸರಿಗೆ ಬರ್ತಿತ್ತು, ಹೊಲ ಯಾರು ಮಾಡಿದ್ರು ಅಂತಲೂ ಕೇಳಿ. ಯುದ್ಧದ ಚರಿತ್ರೆಯಲ್ಲಿ ಅರ್ಧ ನಮ್ಮ ಅಜ್ಜಿಯಂದಿರದ್ದೇ, ಅದನ್ನು ಯಾವ ರೆಕಾರ್ಡ್ ಆಫೀಸೂ ಬರೆದಿಟ್ಟಿಲ್ಲ.

ರಾಯಚೂರು, ಕೊಪ್ಪಳದ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು. "ಮಿಲ್ಟ್ರಿ" ಅಂದ್ರೆ ಯಾವ ಮಿಲ್ಟ್ರಿ? ಬ್ರಿಟಿಷರದೋ, ನಿಜಾಮರದೋ, ಅಥವಾ ನಿಜಾಮರ ವಿರುದ್ಧ ಗಡಿಯಾಚೆ ಮುಂಡರಗಿ, ಗಜೇಂದ್ರಗಡದ ಶಿಬಿರಗಳಲ್ಲಿ ಇದ್ದರೋ? ಶಿಬಿರದವರ ಕಾಗದ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಫೈಲಿನಲ್ಲಿ ಇರುತ್ತೆ, ಸೈನ್ಯದ ಆಫೀಸಿನಲ್ಲಿ ಹುಡುಕಿ ಪ್ರಯೋಜನ ಇಲ್ಲ.

ತಿರುಗಿ ಬಾರದವರು

ಯುದ್ಧದಲ್ಲಿ ತೀರಿಕೊಂಡವರನ್ನು ಹುಡುಕೋದು, ಹೇಳೋಕೆ ಬೇಜಾರು, ಬದುಕಿ ಬಂದವರನ್ನು ಹುಡುಕೋದಕ್ಕಿಂತ ಸುಲಭ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆ 1917ರಿಂದ ಇದೆ. ಎರಡೂ ಯುದ್ಧದ 17 ಲಕ್ಷ ಜನರ ಹೆಸರು ಅವರ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ನೋಡಬಹುದು. ಮೊದಲ ಯುದ್ಧಕ್ಕೆ 1921ರ ಆಗಸ್ಟ್ ಕೊನೆಯವರೆಗೆ, ಎರಡನೆಯದಕ್ಕೆ 1947ರ ಡಿಸೆಂಬರ್ ಕೊನೆಯವರೆಗೆ ಅವರು ಲೆಕ್ಕ ಹಿಡಿದಿದ್ದಾರೆ. ಅಂದ್ರೆ ಯುದ್ಧ ಮುಗಿದ ಮೇಲೆ ಸೇವೆಯಲ್ಲಿದ್ದಾಗಲೇ ಕಾಯಿಲೆಯಿಂದ ಹೋದವರೂ ಅದರಲ್ಲಿ ಇರಬಹುದು.

ಅಲ್ಲಿ ಹೆಸರಿನ ಬದಲು ಊರಿನಿಂದ ಹುಡುಕಿ. ಹೆಚ್ಚಿನ ಮಾಹಿತಿ ಅಂತ ಒಂದು ಜಾಗ ಇದೆ, ಎಷ್ಟೋ ಜನರಿಗೆ "ಇಂಥವರ ಮಗ, ಇಂಥವಳ ಗಂಡ, ಇಂಥ ಊರು, ಬಳ್ಳಾರಿ" ಅಂತ ತುಂಬಿದ್ದಾರೆ. ಆಗಿನ ಇಂಗ್ಲಿಷ್ ಸ್ಪೆಲಿಂಗಿನಲ್ಲೇ ಹಾಕಿ. ಬಳ್ಳಾರಿ ಆಗ ಬೆಲ್ಲರಿ, ಹೊಸಪೇಟೆ ಹಾಸ್ಪೆಟ್, ಕೊಪ್ಪಳ ಕೊಪ್‌ಬಲ್. ಹೆಸರೂ ಅಷ್ಟೇ. ಗುಮಾಸ್ತನ ಕಿವಿಗೆ ಹೇಗೆ ಬಿತ್ತೋ ಹಾಗೆ ಬರೆದಿದ್ದಾನೆ. ಹನುಮಂತಪ್ಪ ಇದ್ದವರು ಹನ್ಮಪ್ಪ, ಅನುಮಂತು ಆಗಿರ್ತಾರೆ. ತಿಪ್ಪಣ್ಣನ ಹೆಸರು ಟಿ ಅಕ್ಷರದ ಮುಂದೆ ಎಚ್ ಇದ್ದೂ ಇರಬಹುದು, ಇಲ್ಲದೆಯೂ ಇರಬಹುದು. ಮೌಲಾಸಾಬ್, ಖಾಜಾಹುಸೇನ್ ಎರಡೆರಡು ತುಂಡಾಗಿರ್ತಾವೆ. ಮನೆತನದ ಅಡ್ಡಹೆಸರು ಬಹಳ ಕಡಿಮೆ ಸಿಗುತ್ತೆ. ಅಪ್ಪನ ಹೆಸರು, ಹೆಂಡತಿಯ ಹೆಸರು ಕೂಡಿದ್ರೆ ಮಾತ್ರ ಇವರೇ ಅಂತ ಒಪ್ಪಿಕೊಳ್ಳಿ.

ಸಿಕ್ಕ ಪುಟದಲ್ಲಿ ಸ್ಮಾರಕದ ಹೆಸರು ಇರುತ್ತೆ. ಸಿಂಗಾಪುರ ಸ್ಮಾರಕದಲ್ಲಿ 24 ಸಾವಿರಕ್ಕೂ ಹೆಚ್ಚು ಹೆಸರು, ಬರ್ಮಾದ ರಂಗೂನ್ ಸ್ಮಾರಕದಲ್ಲಿ ಸುಮಾರು 27 ಸಾವಿರ. ಇವೆಲ್ಲಾ ಸಮಾಧಿ ಗೊತ್ತಿಲ್ಲದವರ ಹೆಸರುಗಳು. ಮೊದಲ ಯುದ್ಧದಲ್ಲಿ ಮೆಸೊಪೊಟೇಮಿಯಾಕ್ಕೆ ಹೋದವರದು ಇರಾಕಿನ ಬಸ್ರಾ ಸ್ಮಾರಕ. ಅಲ್ಲಿ ಕಲ್ಲಿನ ಮೇಲೆ ಇಂಡಿಯಾದ ಅಧಿಕಾರಿಗಳ ಹೆಸರು ಕೆತ್ತಿ, ಸಾಮಾನ್ಯ ಸಿಪಾಯಿಗಳನ್ನು ಬರೀ ಲೆಕ್ಕದಲ್ಲಿ ತೋರಿಸಿದ್ರು. ಕಲ್ಲಿನ ಫೋಟೋದಲ್ಲಿ ನಿಮ್ಮ ಮುತ್ತಜ್ಜನ ಹೆಸರು ಕಾಣದಿದ್ರೆ ಗಾಬರಿ ಬೇಡ, ರಿಜಿಸ್ಟರಿನಲ್ಲಿ ಹೆಸರಿದೆ.

ಮೊದಲ ಯುದ್ಧದಲ್ಲಿ ಸತ್ತವರ ಮನೆಗೆ ಅಂಗೈಗಿಂತ ದೊಡ್ಡದಾದ ಕಂಚಿನ ಬಿಲ್ಲೆಯೊಂದು ಬರ್ತಿತ್ತು, ಮೇಲೆ ಒಂದು ಹೆಣ್ಣಿನ ಚಿತ್ರ, ಪಕ್ಕದಲ್ಲಿ ಸಿಂಹ. ಅದರ ಮೇಲೆ ರ‍್ಯಾಂಕ್ ಇರೋದಿಲ್ಲ, ಹೆಸರು ಮಾತ್ರ. ಎಷ್ಟೋ ಮನೆಯಲ್ಲಿ ದೇವರ ಜಗುಲಿ ಮೇಲೆ ಇಟ್ಟು ಕುಂಕುಮ ಹಚ್ಚುತ್ತಾರೆ, ಏನು ಅಂತ ಗೊತ್ತಿಲ್ಲದೆ. ನಿಮ್ಮಲ್ಲೂ ಒಂದಿದ್ರೆ ಓದಿ ನೋಡಿ. ಹಾಗೇ ಕೆಲವು ಹಳ್ಳಿಗಳಲ್ಲಿ ಚಾವಡಿ, ಶಾಲೆಯ ಗೋಡೆಗೆ "ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, 1914-1919" ಅಂತ ಕಲ್ಲು ಕೂರಿಸಿದ್ರು. ಸುಣ್ಣ ಬಳಿದು ಮುಚ್ಚಿಹೋಗಿರುತ್ತೆ.

ನಿಜಾಮರ ಕಡೆಯವರು, ಸಿಂಗಾಪುರದವರು

ಹೈದರಾಬಾದ್ ಅನ್ನೋ ಹೆಸರು ನೋಡಿ ಬಹಳ ಜನ ದಾರಿ ತಪ್ಪುತ್ತಾರೆ. 19ನೇ ಹೈದರಾಬಾದ್ ರೆಜಿಮೆಂಟ್ ಅಂತ ಒಂದಿತ್ತು, ಅದು ಬ್ರಿಟಿಷ್ ಇಂಡಿಯಾದ್ದು. ಯುದ್ಧದ ಹೊತ್ತಿಗೆ ಅದರಲ್ಲಿ ಇದ್ದವರು ಬಹುತೇಕ ಉತ್ತರದವರು, 1945ರಲ್ಲಿ ಅದರ ಹೆಸರೇ ಕುಮಾವೂಂ ರೆಜಿಮೆಂಟ್ ಆಯ್ತು. ನಿಜಾಮರ ಸ್ವಂತ ಪಡೆ ಬೇರೆ. ಅವರ 1ನೇ ಹೈದರಾಬಾದ್ ಇನ್‌ಫೆಂಟ್ರಿ ಮಲಯಾದಲ್ಲಿತ್ತು, 1941ರ ಡಿಸೆಂಬರ್ 8ರಂದು ಜಪಾನಿಯರು ಕೋಟಾ ಬಾರುವಿನಲ್ಲಿ ಇಳಿದಾಗ ಅಲ್ಲಿನ ಏರೋಡ್ರೋಮ್ ಕಾವಲಿನಲ್ಲಿ ಇದ್ದದ್ದು ಅವರೇ. ರಾಯಚೂರು ಸೀಮೆಯವರ ಕಾಗದದಲ್ಲಿ ಹೈದರಾಬಾದ್ ಅಂತ ಕಂಡ್ರೆ ಎರಡರಲ್ಲಿ ಯಾವುದು ಅಂತ ಮೊದಲು ಇತ್ಯರ್ಥ ಮಾಡಿಕೊಳ್ಳಿ.

1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಬಿತ್ತು. ಹತ್ತಾರು ಸಾವಿರ ಭಾರತೀಯ ಸಿಪಾಯಿಗಳು ಸೆರೆಯಾದ್ರು, ಅದರಲ್ಲಿ ಎಷ್ಟೋ ಜನ ಆಜಾದ್ ಹಿಂದ್ ಫೌಜಿಗೆ ಸೇರಿದ್ರು. ಹೀಗೆ ಸೇರಿದ ಕೆಲವರನ್ನು ಬ್ರಿಟಿಷರು ಆಮೇಲೆ ಸಂಬಳ ತಡೆದು ವಜಾ ಮಾಡಿದ್ರು. ಅಜ್ಜನಿಗೆ ಪದಕ, ಪಿಂಚಣಿ ಎರಡೂ ಇಲ್ಲ, ಮನೆಯವರು ಆ ವಿಷಯ ಮಾತಾಡೋದಿಲ್ಲ ಅಂದ್ರೆ ಈ ದಾರಿಯಲ್ಲೂ ನೋಡಿ. ಫೌಜಿನ ಕಾಗದಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಅವರ ಅಭಿಲೇಖ ಪಟಲ್ ಅನ್ನೋ ಪೋರ್ಟಲಿನಲ್ಲಿ ಮನೆಯಿಂದಲೇ ಹುಡುಕಬಹುದು. ನಿಜಾಮರ ಕಾಲದ ಆಡಳಿತದ ಕಾಗದಗಳು ಹೈದರಾಬಾದಿನ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ, ಬಳ್ಳಾರಿಯವು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ. ಹಳೇ ಕಾಗದದಲ್ಲಿ ಕಂದಾಯದ ಲೆಕ್ಕಕ್ಕೆ ಬಳಸ್ತಿದ್ದ ಫಸಲಿ ಇಸವಿ ಇರುತ್ತೆ, ಅದಕ್ಕೆ 590 ಕೂಡಿಸಿ. ಫಸಲಿ 1350 ಅಂದ್ರೆ 1940-41. ಉರ್ದು ಓದೋದಕ್ಕೆ ನಿವೃತ್ತ ಉರ್ದು ಮೇಷ್ಟ್ರು ನಮ್ಮ ಪ್ರತಿ ತಾಲೂಕಿನಲ್ಲೂ ಇದ್ದಾರೆ, ಗೌರವದಿಂದ ಕೇಳಿದ್ರೆ ಕೂತು ಓದಿ ಹೇಳ್ತಾರೆ.

ರೆಕಾರ್ಡ್ ಆಫೀಸಿಗೆ ಅರ್ಜಿ

ನಂಬರು, ಪಲ್ಟನ್ ಸಿಕ್ಕ ಮೇಲೆ ಮುಖ್ಯವಾದ ಕಾಗದ ಇದು. ಬ್ರಿಟಿಷರು ಹೋಗುವಾಗ ಸಿಪಾಯಿಗಳ ಕಡತ ಲಂಡನ್ನಿಗೆ ಒಯ್ಯಲಿಲ್ಲ, ಅವು ಇಲ್ಲೇ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ ಉಳಿದ್ವು. ರಸ್ತೆ, ಸೇತುವೆ ಕಟ್ಟೋ ಮದ್ರಾಸ್ ಸ್ಯಾಪರ್ಸ್ ಆಗಿದ್ರೆ ಬೆಂಗಳೂರಿನ ಅವರ ಕೇಂದ್ರ ಎಂಇಜಿ. ಮದ್ರಾಸ್ ರೆಜಿಮೆಂಟ್ ನೀಲಗಿರಿಯ ವೆಲ್ಲಿಂಗ್ಟನ್. ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿ. ಲಾರಿ, ರೇಷನ್ನಿನ ಕೆಲಸದವರದು ಎಎಸ್‌ಸಿ, ಅದೂ ಬೆಂಗಳೂರು. ತೋಪಖಾನೆ ನಾಸಿಕ್ ರೋಡ್, ಸಿಗ್ನಲ್ಸ್ ಜಬಲ್ಪುರ, ಗಾಡಿ, ಯಂತ್ರ ರಿಪೇರಿಯ ಇಎಂಇ ಸಿಕಂದರಾಬಾದ್.

ಅರ್ಜಿ ಒಂದೇ ಪುಟ ಇರಲಿ. ನಂಬರು, ರ‍್ಯಾಂಕು, ಹೆಸರು ಬೇರೆ ಬೇರೆ ಸ್ಪೆಲಿಂಗಿನಲ್ಲಿ, ಅಪ್ಪನ ಹೆಸರು, ಹಳೇ ಜಿಲ್ಲೆ ಸಮೇತ ಊರು, ಸೇರಿದ ಮತ್ತು ಬಿಟ್ಟ ವರ್ಷ ಅಂದಾಜು. ಜೊತೆಗೆ ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಮರಣ ಪ್ರಮಾಣಪತ್ರ, ನಿಮ್ಮ ಆಧಾರ್ ನಕಲು ಇಡಿ. ನೀವು ಅವರ ವಾರಸುದಾರರು ಅಂತ ತೋರಿಸಿದ್ರೆ ಕೆಲಸ ಸಲೀಸು. ಮಾಮೂಲಿ ಪತ್ರಕ್ಕೆ ಉತ್ತರ ಬರದಿದ್ರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಹಾಕಿ ಕಳಿಸಿ, 30 ದಿನದಲ್ಲಿ ಉತ್ತರ ಕೊಡಬೇಕು.

ಪತ್ರದಲ್ಲಿ ಒಂದು ಮಾತು ಮರೆಯದೆ ಬರೆಯಿರಿ: "ಶೀಟ್ ರೋಲ್ ಇಲ್ಲದಿದ್ದರೆ ಲಾಂಗ್ ರೋಲಿನ ನಕಲು ಕೊಡಿ." ಶೀಟ್ ರೋಲ್ ಅಂದ್ರೆ ಸೈನಿಕನ ಪೂರ್ತಿ ಸೇವಾ ದಾಖಲೆ. ಪಿಂಚಣಿ ಇಲ್ಲದೆ ಬಿಟ್ಟವರದನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡ್ತಾರೆ. 1946ರಲ್ಲಿ ಯುದ್ಧ ಮುಗೀತು ಅಂತ ಮನೆಗೆ ಕಳಿಸಿದವರಲ್ಲಿ ಬಹುಪಾಲು ಜನ ಪಿಂಚಣಿ ಇಲ್ಲದವರೇ. ಲಾಂಗ್ ರೋಲ್ ಅನ್ನೋ ರಿಜಿಸ್ಟರ್ ಮಾತ್ರ ಕಾಯಂ. ಅದರಲ್ಲಿ ಇರೋದು ನಾಲ್ಕೈದು ವಿವರ, ಆದ್ರೆ ಸೇರಿದ ದಿನ, ಬಿಟ್ಟ ದಿನ ಪಕ್ಕಾ ಆಗುತ್ತೆ. ಬರೀ ಸರ್ವಿಸ್ ರೆಕಾರ್ಡ್ ಕೊಡಿ ಅಂತ ಕೇಳಿದ್ರೆ "ನಾಶವಾಗಿದೆ" ಅಂತ ಒಂದು ಸಾಲಿನ ಉತ್ತರ ಬಂದು, ಮನೆಯವರು ಅಲ್ಲಿಗೇ ಕೈಬಿಡ್ತಾರೆ. ಪಿಂಚಣಿ ಇದ್ದವರಾದ್ರೆ ಮದುವೆ, ಮಕ್ಕಳ ಜನನ ಬರೆದ ಪಾರ್ಟ್ ಟು ಆರ್ಡರ್ ಕೂಡ ಕೇಳಿ. ವಂಶದ ಚರಿತ್ರೆಗೆ ಅದಕ್ಕಿಂತ ಒಳ್ಳೇ ಕಾಗದ ಇಲ್ಲ.

ಊರಿನ ಆಫೀಸುಗಳನ್ನೂ ಬಿಡಬೇಡಿ. ಎರಡನೇ ಯುದ್ಧದವರಿಗೆ, ಅವರ ವಿಧವೆಯರಿಗೆ ರಾಜ್ಯ ಸರ್ಕಾರದ ಸಹಾಯಧನ ಸೈನಿಕ ಕಲ್ಯಾಣ ಇಲಾಖೆ ಮೂಲಕ ಬರ್ತಿತ್ತು. ಅಜ್ಜಿ ಅರ್ಜಿ ಹಾಕಿದ್ರೆ ಆ ಫೈಲಿನಲ್ಲಿ ನಂಬರ್ ಇದ್ದೇ ಇರುತ್ತೆ. ಮಾಜಿ ಸೈನಿಕ ಅಂತ ಜಮೀನು ಮಂಜೂರಾಗಿದ್ರೆ ತಹಸೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ಮಂಜೂರಾತಿ ಕಡತ ಕೇಳಿ, ಪಹಣಿ ಒಂದೇ ಸಾಕಾಗೋದಿಲ್ಲ. ಕಡತದೊಳಗೆ ಡಿಸ್ಚಾರ್ಜ್ ಬುಕ್ಕಿನ ನಕಲು ಲಗತ್ತಾಗಿರುತ್ತೆ, ಮನೆಯಲ್ಲಿ ಗೆದ್ದಲು ತಿಂದಿದ್ದು ಅಲ್ಲಿ ಸಿಗಬಹುದು.

1947ರ ಮೇಲಿನವರದು ಸುಲಭ. ಹುತಾತ್ಮರಾದ 25 ಸಾವಿರಕ್ಕೂ ಹೆಚ್ಚು ಜನರ ಹೆಸರು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿದೆ, ಅದರ ವೆಬ್‌ಸೈಟಿನಲ್ಲೂ ಹುಡುಕಬಹುದು. ಪದಕದಲ್ಲಿ ಸಮರ ಸೇವಾ ಸ್ಟಾರ್ ಇದ್ರೆ 1965, ಪೂರ್ವಿ ಸ್ಟಾರ್ ಇದ್ರೆ 1971ರ ಬಾಂಗ್ಲಾ ಕಡೆಯ ಯುದ್ಧ, ಪಶ್ಚಿಮಿ ಸ್ಟಾರ್ ಇದ್ರೆ ಅದೇ ವರ್ಷದ ಪಾಕಿಸ್ತಾನದ ಗಡಿ. ಪಿಂಚಣಿ ಆದೇಶದ ಮೇಲಿನ ಪಿಪಿಒ ನಂಬರ್ ಇದ್ರೆ ಪ್ರಯಾಗ್‌ರಾಜ್‌ನ ಪಿಂಚಣಿ ಕಚೇರಿಗೂ ಬರೆಯಬಹುದು.

"ಅಜ್ಜನ ಹಳೇ ಪಿಂಚಣಿ ಬಾಕಿ ಲಕ್ಷಗಟ್ಟಲೆ ಕೊಡಿಸ್ತೀನಿ" ಅಂತ ಬರುವ ಏಜೆಂಟರ ಕೈಗೆ ಅಸಲು ಕಾಗದ ಕೊಡಬೇಡಿ. ಡಿಸ್ಚಾರ್ಜ್ ಬುಕ್ಕಿನ ಫೋಟೋವನ್ನು ಪೂರ್ತಿಯಾಗಿ ವಾಟ್ಸಾಪ್ ಗುಂಪುಗಳಿಗೆ ಹಾಕೋದೂ ಬೇಡ, ಕುಟುಂಬದವರ ಹೆಸರು, ವಿಳಾಸ ಎಲ್ಲಾ ಇರುತ್ತೆ.

ಸಿಕ್ಕಿದ್ದನ್ನೆಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಪ್ರತಿ ಸಾಲಿನ ಮುಂದೆ ಅದು ಎಲ್ಲಿಂದ ಬಂತು ಅಂತ ಹಾಕಿ: ಅಜ್ಜಿ ಹೇಳಿದ್ದು, ಪದಕದ ಅಂಚು, ಲಾಂಗ್ ರೋಲ್. ಎರಡು ಕಡೆ ಬೇರೆ ಬೇರೆ ಇದ್ರೆ ಎರಡನ್ನೂ ಬರೆದಿಡಿ, ಒಂದನ್ನು ಹೊಡೆದುಹಾಕಬೇಡಿ. ಆಮೇಲೆ ಜೆರಾಕ್ಸ್ ಮಾಡಿಸಿ ಅಣ್ಣತಮ್ಮಂದಿರ ಪ್ರತಿ ಮನೆಗೂ ಒಂದೊಂದು ಕೊಡಿ. ಕೊಟ್ಟ ಮೇಲೆಯೇ ಯಾರೋ ಒಬ್ಬರು "ನಮ್ಮನಿಯಾಗೂ ಒಂದು ಹಳೇ ಫೋಟೋ ಐತಿ ನೋಡು" ಅಂತ ತಂದು ತೋರಿಸೋದು.